ಮೂಲ ಡಿಸ್ಕ್ ತೆರೆದ ರಾತ್ರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಊರವರ ದನಿ ಕದಿಯುವವನು. ಬಸ್ಸಿನ ಕಂಡಕ್ಟರ್, ಸಾಲಿ ಮಾಸ್ತರು, ನಮ್ಮ ಸೋದರತ್ತೆ, ಓಣಿಯ ಕೊನೆಯ ಮನೆಯ ಎಮ್ಮೆ... ಯಾರನ್ನೂ ಬಿಟ್ಟಿಲ್ಲ. ಅದಕ್ಕೇ ನಾನು ಎಷ್ಟು ಗಂಭೀರವಾಗಿ ಮಾತಾಡಿದರೂ ಜನ ಮೊದಲು ನಗುತ್ತಾರೆ, ಆಮೇಲೆ ಇದು ಯಾರ ದನಿ ಎಂದು ಕೇಳುತ್ತಾರೆ. ಒಮ್ಮೆ ಜ್ವರ ಬಂದು ನರಳುತ್ತಾ ಮಲಗಿದ್ದಾಗ ನಮ್ಮವ್ವ ಬಾಗಿಲಲ್ಲಿ ನಿಂತು ಕೇಳಿ, ನಿಮ್ಮ ಅಜ್ಜಿ ನರಳಿದಂಗ ಐತಿ, ಚಂದ ಮಾಡ್ತಿ ಎಂದು ಹೊಗಳಿ ಹೋಗಿದ್ದಳು.

ಇದೊಂದನ್ನು ಮಾತ್ರ ನನ್ನ ಸ್ವಂತ ದನಿಯಲ್ಲಿ ಹೇಳುತ್ತಿದ್ದೇನೆ. ನಡೆದದ್ದು ನಡೆದ ಹಾಗೆ. ಉಪ್ಪು ಖಾರ ಹಚ್ಚೋಣವೆಂದರೆ ಆ ರಾತ್ರಿಯ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ.

ಗೋಕಾಕದಲ್ಲಿ ನಮ್ಮ ಅಂಗಡಿ. ಸಿಸಿಟಿವಿಯ ರೆಕಾರ್ಡರ್ ಸುಟ್ಟರೆ, ಒಡೆದರೆ, ಯಾರಾದರೂ ಬೇಕಂತಲೇ ಅಳಿಸಿದರೆ, ಅದರೊಳಗಿನ ಹಾರ್ಡ್ ಡಿಸ್ಕಿನಿಂದ ವಿಡಿಯೋ ಹೊರಗೆ ತೆಗೆಯುವುದು ನಮ್ಮ ಕೆಲಸ. ದೊಡ್ಡ ಕೇಸು ಸರ್ಕಾರಿ ಲ್ಯಾಬಿಗೆ ಹೋಗುತ್ತದೆ. ಸಣ್ಣಪುಟ್ಟ ಕಳವಿಗೆ ಸ್ಟೇಷನ್ನಿನಿಂದ ನಮಗೆ ಫೋನ್ ಬರುತ್ತದೆ. ಅಂಗಡಿಯ ಮಾಲೀಕರು ಶಿವಾನಂದಣ್ಣ. ಕೆಲಸಗಾರರು ಇಬ್ಬರೇ. ನಾನು, ಮಾರುತಿ. ಇನ್ನೊಬ್ಬ ಅರಭಾವಿಯ ಈರಣ್ಣ.

ಈ ಈರಣ್ಣನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ.

ಅವನು ಸತ್ತ ಡಿಸ್ಕನ್ನು ಕಿವಿಗೆ ಹಿಡಿದು, ಡಾಕ್ಟರು ಎದೆಬಡಿತ ಕೇಳುವ ಹಾಗೆ ಕೇಳಿ, ಇದು ಬದುಕುತ್ತದೋ ಇಲ್ಲವೋ ಹೇಳುತ್ತಿದ್ದ. ಹೇಳಿದ ಹಾಗೇ ಆಗುತ್ತಿತ್ತು. ಪೊಲೀಸರು ಫೋನ್ ಮಾಡಿದರೆ "ಆ ಶಾಣ್ಯಾ ಹುಡುಗನ್ನ ಕಳಸ್ರಿ" ಎನ್ನುತ್ತಿದ್ದರು. ನಾನು ಅವರಿಗೆ "ಆ ನಗಸೋ ಹುಡುಗ". ಶಿವಾನಂದಣ್ಣ ಹುಕ್ಕೇರಿಯಲ್ಲಿ ಎರಡನೇ ಅಂಗಡಿ ತೆಗೆಯುವವರಿದ್ದರು. ಅದರ ಕೀಲಿಕೈ ಯಾರ ಕೈಗೆ ಹೋಗುತ್ತದೆ ಎಂಬುದು ನನಗೂ ಗೊತ್ತಿತ್ತು, ಕೆಳಗಿನ ಚಹಾದಂಗಡಿಯವನಿಗೂ ಗೊತ್ತಿತ್ತು.

ನಾನು ಸೇಡು ತೀರಿಸಿಕೊಂಡದ್ದು ನನಗೆ ಬರುವ ಒಂದೇ ವಿದ್ಯೆಯಿಂದ. ಈರಣ್ಣ ಮಾತಾಡುವ ಮೊದಲು ಚಶ್ಮಾ ಮೇಲೆ ಸರಿಸಿ, ಎಡಗಿವಿಯ ತುದಿಯನ್ನು ಒಮ್ಮೆ ಜಗ್ಗಿ, "ಹ್ಮ್" ಎಂದು ಗಂಟಲು ಸರಿ ಮಾಡಿಕೊಳ್ಳುತ್ತಾನೆ. ನಾನು ಅದನ್ನು ಮಾಡುವಾಗ ಕಿವಿಯನ್ನು ಎರಡು ಸಲ ಜಗ್ಗುತ್ತಿದ್ದೆ. ಒಮ್ಮೆ ಜಗ್ಗಿದರೆ ಜನ ಗುರುತಿಸುತ್ತಾರೆ, ಎರಡು ಸಲ ಜಗ್ಗಿದರೆ ಬಿದ್ದು ಬಿದ್ದು ನಗುತ್ತಾರೆ. ಆ ಎರಡನೆಯದು ಈರಣ್ಣನದಲ್ಲ, ಪೂರ್ತಿ ನನ್ನ ಸ್ವಂತದ್ದು. ಇದನ್ನು ನೆನಪಿಟ್ಟುಕೊಳ್ಳಿ.

ಹುಕ್ಕೇರಿ ದಾಟಿ ಸ್ವಲ್ಪ ದೂರದಲ್ಲಿ, ಕಬ್ಬಿನ ಹೊಲಗಳ ನಡುವೆ ಒಂದು ಗೋಡೌನ್. ಪಂಪ್‌ಸೆಟ್ಟಿನ ಮೋಟಾರುಗಳು, ಅವಕ್ಕೆ ಸುತ್ತುವ ತಾಮ್ರದ ತಂತಿ. ಒಂದು ರಾತ್ರಿ ಹಿಂದಿನ ಶಟರಿನಿಂದ ತಂತಿಯ ಸುರುಳಿಗಳು ಕಳವಾದವು. ಕಳ್ಳರು ಹೋಗುವಾಗ ರೆಕಾರ್ಡರನ್ನು ನೆಲಕ್ಕೆ ಅಪ್ಪಳಿಸಿದ್ದರು.

ವಾಚಮನ್ ಲಗಮಪ್ಪ ಕಾಕಾ, ಮೂಡಲಗಿ ಕಡೆಯ ಕುಲಗೋಡದವರು. ಹಿಂಬದಿಯಲ್ಲಿ ಕಳವಾಗುತ್ತಿದ್ದಾಗ ಅವರು ಇಡೀ ರಾತ್ರಿ ಮುಂದಿನ ಗೇಟಿನಲ್ಲೇ ಕೂತಿದ್ದರು. ಏಕೆ ಎಂದು ಕೇಳಿದ್ದಕ್ಕೆ, ಶಟರಿನ ಕಡೆಯಿಂದ ಗೋಡೌನಿನ ಮಾಲೀಕರಾದ ಸಾವಕಾರರೇ ಕೂಗಿ ಹೇಳಿದರು ಎಂದಿದ್ದರು. "ಲಗಮಾ, ಗೇಟಿನ್ಯಾಗ ಕುಂದರು, ಹಿಂದ ಬರಬ್ಯಾಡ" ಎಂದು. ಆದರೆ ಸಾವಕಾರರು ಆ ರಾತ್ರಿ ಅಥಣಿಯಲ್ಲಿ ಸಂಬಂಧಿಕರ ಮದುವೆಯಲ್ಲಿದ್ದರು. ನೂರಾರು ಜನ ನೋಡಿದ್ದರು. ಅಲ್ಲಿಗೆ ಲಗಮಪ್ಪ ಕಾಕಾ ಸುಳ್ಳುಗಾರರಾದರು. ಸುಳ್ಳು ಹೇಳಿದವನು ಕಳ್ಳರ ಜೊತೆಗಾರ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು?

ಆ ಕೇಸಿಗೆ ಕರೆ ಬಂದಾಗ ಕಳವಾಗಿ ಹದಿನಾರು ದಿನವಾಗಿತ್ತು.

ಈರಣ್ಣ ಮತ್ತು ನಾನು ಮಧ್ಯಾಹ್ನ ಹೋದೆವು. ಈರಣ್ಣ ಡಿಸ್ಕನ್ನು ಬಿಚ್ಚಿ, ಕಿವಿಗೆ ಹಿಡಿದು, ಇದನ್ನು ಬೈಕಿನ ಮೇಲೆ ಗೋಕಾಕಕ್ಕೆ ಒಯ್ದರೆ ದಾರಿಯ ತಗ್ಗುಗಳಲ್ಲೇ ಸಾಯುತ್ತದೆ, ಇಲ್ಲಿಯೇ ಕಾಪಿ ಮಾಡಬೇಕು ಎಂದ. ಸ್ಟೇಷನ್ನಿನಿಂದ ಬಂದಿದ್ದ ಹವಾಲ್ದಾರರು ಒಪ್ಪಿದರು. ಪೆಟ್ಟು ತಿಂದ ಡಿಸ್ಕಾದ್ದರಿಂದ ಕಾಪಿ ನಿಧಾನ. ಇಡೀ ರಾತ್ರಿ ಹಿಡಿಯುತ್ತದೆ. ಯಾರಾದರೂ ಕಾಯಬೇಕು.

ಯಾರು ಕಾಯಬೇಕು? ನಾನೇ, ಮತ್ಯಾರು. ಕಾಯುವುದು ಮಾರುತಿ, ಮುಂಜಾನೆ ಬಂದು ಹುಡುಕಿ ಹೆಸರು ಮಾಡುವುದು ಈರಣ್ಣ.

ಹೋಗುವಾಗ ಅವನು ಚಶ್ಮಾ ಸರಿಸಿ, ಕಿವಿ ಜಗ್ಗಿ, ಗಂಟಲು ಸರಿ ಮಾಡಿಕೊಂಡು ಹೇಳಿದ.

"ಕಾಪಿ ಪೂರಾ ಆಗೂತನಾ ಮೂಲ ಡಿಸ್ಕಿನ್ಯಾಗಿಂದ ಏನೂ ತಗದ ನೋಡಬ್ಯಾಡ ಮಾರುತಿ. ಇದು ಭಾಳ ಸೂಕ್ಷ್ಮ ಐತಿ. ಇದ್ದದ್ದೂ ಹೋಗತೈತಿ."

ಇದು ನಮ್ಮ ಕಸುಬಿನ ಮೊದಲ ಪಾಠ. ಮೊದಲು ಪೂರ್ತಿ ಕಾಪಿ, ಹುಡುಕಾಟವೆಲ್ಲ ಕಾಪಿಯಲ್ಲಿ. ಇದನ್ನು ನನಗೆ ಹೇಳಬೇಕೆ? ಅವನು ಹೇಳಿದ ರೀತಿಗೇ ನನ್ನ ಮೈ ಉರಿಯಿತು.

ಕತ್ತಲಾಯಿತು. ಗೋಡೌನಿನೊಳಗೆ ಮೋಟಾರಿಗೆ ಹಚ್ಚುವ ವಾರ್ನಿಶಿನ ವಾಸನೆ, ಗೋಣಿಚೀಲದ ವಾಸನೆ. ದೂರದ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಒಂದು ಹೋದ ಮೇಲೆ ಇನ್ನೊಂದು ಬರುವವರೆಗೆ... ಡಿಸ್ಕ್ ತಿರುಗುವ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ.

ಲಗಮಪ್ಪ ಕಾಕಾ ರೊಟ್ಟಿ, ಝುಣಕಾ ತಂದುಕೊಟ್ಟರು. ಪಕ್ಕದಲ್ಲೇ ಕೂತು, ಡಿಸ್ಕನ್ನು ದೇವರ ಮೂರ್ತಿ ನೋಡಿದ ಹಾಗೆ ನೋಡಿದರು.

"ಸರ, ಇದರಾಗ ಶಟರಿನ ಕಡೇದು ದನಿನೂ ಇರ್ತೈತೇನ್ರಿ?"

ಇರುತ್ತದೆ, ಶಟರಿನ ಕ್ಯಾಮೆರಾಕ್ಕೆ ಮೈಕು ಇದೆ ಎಂದೆ.

"ಹಂಗಾರ ನಾ ಉಳಕೊಂಡ್ನಿ ಬಿಡ್ರಿ" ಎಂದರು. ಕಣ್ಣು ಒರೆಸಿಕೊಂಡರು. ಊರಲ್ಲಿ ಜನ ತಮ್ಮ ಮನೆಯ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಾರೆ, ಮಗಳ ಬೀಗರು ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ ಎಂದರು.

ಅವರನ್ನು ಹಗುರ ಮಾಡೋಣವೆಂದು ನಾನು ನನ್ನ ಅಣಕಿನ ಪೆಟ್ಟಿಗೆ ಬಿಚ್ಚಿದೆ. ಹಿಂದಿನ ಶಟರಿನ ಮುಂದೆ, ಒಳಗಡೆ, ದೀಪದ ಕೆಳಗೆ ನಿಂತು ಶಿವಾನಂದಣ್ಣನನ್ನು ಮಾಡಿದೆ, ಹವಾಲ್ದಾರರನ್ನು ಮಾಡಿದೆ. ಆಮೇಲೆ ಈರಣ್ಣ. ಚಶ್ಮಾ, ಕಿವಿ... ಮತ್ತೊಮ್ಮೆ ಕಿವಿ... "ಹ್ಮ್". ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಉತ್ಸಾಹ ಬಂದು, ಮಧ್ಯಾಹ್ನ ಹತ್ತು ನಿಮಿಷ ಮಾತ್ರ ಕೇಳಿದ್ದ ಸಾವಕಾರರ ದನಿ ತೆಗೆದೆ.

"ಲಗಮಾ, ನೀರ ತಗೊಂಡ ಬಾ."

ಕಾಕಾನ ನಗು ಒಮ್ಮೆಲೇ ನಿಂತಿತು.

"ಸರ... ನೀವು ಇದಕ್ಕಿಂತ ಮೊದಲ ಎಂದರ ಇಲ್ಲಿಗೆ ಬಂದಿದ್ರೇನ್ರಿ?"

ಇಲ್ಲವಲ್ಲ, ಏಕೆ ಎಂದೆ.

"ಆವತ್ತೂ ಹಿಂಗ ಇತ್ರಿ ದನಿ. ಸಾವಕಾರ್ರದ ಖರೆ... ಆದ್ರ ಸಾವಕಾರ್ರಕಿಂತ ಒಂದ ಚಿಮಟಗಿ ಜಾಸ್ತಿ."

ಅಷ್ಟೇ ಹೇಳಿ ಎದ್ದು ಗೇಟಿಗೆ ಹೋದರು. ನನಗೆ ಹೆದರಿಕೆಯೇನೂ ಆಗಲಿಲ್ಲ. ಅಸಲಿಗಿಂತ ಒಂದು ಚಿಟಿಕೆ ಜಾಸ್ತಿ ಎಂದರೆ ಏನೆಂದು ನಮ್ಮ ವಿದ್ಯೆಯವರಿಗೆ ಗೊತ್ತು. ಅದು ಹೊಗಳಿಕೆ. ಆದರೆ ಅವರು ಹೊಗಳಿದ್ದು ನನ್ನೊಬ್ಬನನ್ನೇ ಅಲ್ಲ ಎಂಬುದು ಮಾತ್ರ ಒಂದಿಷ್ಟು ಚುಚ್ಚಿತು.

ಎರಡು ಗಂಟೆಯ ಸುಮಾರಿಗೆ ಕಾಪಿ ಅರ್ಧ ದಾಟಿತ್ತು. ನಾನು ಪರದೆ ನೋಡುತ್ತಾ ಕೂತೆ. ತಲೆಯಲ್ಲಿ ಮುಂಜಾನೆಯ ದೃಶ್ಯ ಓಡುತ್ತಿತ್ತು. ಈರಣ್ಣ ಬರುತ್ತಾನೆ, ಅರ್ಧ ಗಂಟೆಯಲ್ಲಿ ಆ ತುಣುಕು ತೆಗೆಯುತ್ತಾನೆ, ಕಾಕಾ ಅವನ ಕೈ ಹಿಡಿದು ಅಳುತ್ತಾರೆ, ಹವಾಲ್ದಾರರು ಬೆನ್ನು ತಟ್ಟುತ್ತಾರೆ. ನಾನು ಬಾಜೂಕ್ಕೆ ನಿಂತು ವಾಯರ್ ಸುತ್ತುತ್ತಿರುತ್ತೇನೆ...

ಆ ವಾಯರ್ ಸುತ್ತುವ ಚಿತ್ರವೇ ನನ್ನನ್ನು ಕೆಡಿಸಿತು.

ಕಾಪಿ ನಿಲ್ಲಿಸಿದೆ. ಇಯರ್‌ಫೋನ್ ಹಾಕಿಕೊಂಡೆ. ಶಟರಿನ ಕ್ಯಾಮೆರಾದ ಆ ರಾತ್ರಿಯ ತುಣುಕನ್ನು ಮೂಲ ಡಿಸ್ಕಿನಿಂದಲೇ ತೆರೆದೆ.

ಕಪ್ಪು ಬಿಳುಪು ಚಿತ್ರ. ನಾನು ಕೂತಿದ್ದ ಜಾಗದ ಎದುರಿಗೇ ಇದ್ದ ಅದೇ ಶಟರು. ನೆಲದಿಂದ ಮೊಣಕಾಲಿನಷ್ಟು ಮೇಲೆ ಎದ್ದಿತ್ತು. ಏನೂ ಅಲುಗುತ್ತಿಲ್ಲ. ಇಯರ್‌ಫೋನಿನಲ್ಲಿ ಗಾಳಿಯ ಸದ್ದು ಮಾತ್ರ...

ಆಮೇಲೆ ಕಂಬಳಿ ಹೊದ್ದ ಒಂದು ಆಕಾರ ಚಿತ್ರದೊಳಗೆ ಬಂದು, ಬೆನ್ನು ತೋರಿಸಿ ನಿಂತಿತು. ದನಿ ಬಂತು. ಸ್ಪಷ್ಟ.

"ಲಗಮಾ, ಗೇಟಿನ್ಯಾಗ ಕುಂದರು. ಹಿಂದ ಬರಬ್ಯಾಡ."

ಸಾವಕಾರರ ದನಿ. ಒಂದು ಚಿಮಟಗಿ ಜಾಸ್ತಿ.

ಲಗಮಪ್ಪ ಕಾಕಾ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ! ಅದನ್ನು ಹುಡುಕಿದವನು ನಾನು, ಈರಣ್ಣನಲ್ಲ. ಅಲ್ಲಿಗೇ ನಿಲ್ಲಿಸಿ, ಕಾಪಿ ಮತ್ತೆ ಶುರು ಮಾಡಿದ್ದರೆ ಇವತ್ತು ಈ ಕಥೆಯೇ ಇರುತ್ತಿರಲಿಲ್ಲ. ಬೆರಳು ಕೀಬೋರ್ಡಿನ ಗುಂಡಿಯ ಮೇಲೆ ಇತ್ತು. ಒತ್ತಲಿಲ್ಲ. ಏಕೆಂದರೆ ಆ ಆಕಾರ ಕ್ಯಾಮೆರಾದ ಕಡೆ ತಿರುಗಿತು.

ಕಂಬಳಿಯೊಳಗೆ ಮುಖ ಕಾಣಲಿಲ್ಲ. ಒಂದು ಕೈ ಮೇಲೆ ಬಂದು ಇಲ್ಲದ ಚಶ್ಮಾವನ್ನು ಸರಿಸಿತು. ಎಡಗಿವಿಯ ತುದಿಯನ್ನು ಜಗ್ಗಿತು.

ಈರಣ್ಣ!

ದೇವರಾಣೆ ಹೇಳುತ್ತೇನೆ, ಆ ಕ್ಷಣ ನನಗಾದದ್ದು ಹೆದರಿಕೆಯಲ್ಲ, ಸಂತೋಷ. ಎದೆ ತುಂಬಿ ಬಂದಂಥ ಸಂತೋಷ. ಶಾಣ್ಯಾ ಹುಡುಗ ಸಿಕ್ಕಿಬಿದ್ದ. ಹುಕ್ಕೇರಿ ಅಂಗಡಿಯ ಕೀಲಿಕೈ ಝಣಝಣ ಎಂದದ್ದು ನನಗೆ ಕೇಳಿಸಿತು.

ಆಗ ಆ ಕೈ ಕಿವಿಯನ್ನು ಎರಡನೆಯ ಸಲ ಜಗ್ಗಿತು.

"ಹ್ಮ್."

ಅದು ಈರಣ್ಣನಲ್ಲ. ನಾನು ಮಾಡುವ ಈರಣ್ಣ. ಕೆಲವು ತಾಸುಗಳ ಹಿಂದೆ ಇದೇ ಶಟರಿನ ಮುಂದೆ ಇದೇ ಜಾಗದಲ್ಲಿ ಮಾಡಿದ್ದೆ. ಅದೇ ರೆಕಾರ್ಡ್ ಆಯಿತೇ ಎಂದು ಯೋಚಿಸಿದೆ. ಆಗುವುದಾದರೂ ಹೇಗೆ? ಒಡೆದ ರೆಕಾರ್ಡರ್ ಮೂಲೆಯಲ್ಲಿ ಬಿದ್ದಿತ್ತು, ಡಿಸ್ಕ್ ನನ್ನ ಮೇಜಿನ ಮೇಲಿತ್ತು. ಪರದೆಯ ಮೂಲೆಯಲ್ಲಿದ್ದದ್ದು ಹದಿನಾರು ದಿನ ಹಿಂದಿನ ತಾರೀಖು.

ಅದು ಇನ್ನೂ ಮುಗಿಸಿರಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ತಲೆ ತಗ್ಗಿಸಿ, ಹಿಂದಲೆಯನ್ನು ಬಲಗೈಯಿಂದ ಕೆರೆದುಕೊಂಡು, ಭುಜ ಕುಣಿಸಿ ಕಿಸಕ್ಕನೆ ನಕ್ಕಿತು.

ಇದು ಯಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರನ್ನೂ ಮಾಡಿದವನು ನಾನು, ನನ್ನನ್ನು ಯಾರೂ ಮಾಡಿರಲಿಲ್ಲ. ಆಟ ಶುರು ಮಾಡುವ ಮೊದಲು ನಾನು ಹಿಂದಲೆ ಕೆರೆಯುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿತ್ತು.

ನಗಬೇಡಿ... ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅದು ನನ್ನನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ ನಾನು ಜೀವಮಾನದಲ್ಲಿ ಯಾರನ್ನೂ ಅಷ್ಟು ಚೆನ್ನಾಗಿ ಮಾಡಿಲ್ಲ.

ಅದು ಕ್ಯಾಮೆರಾದ ಹತ್ತಿರ ಬಂದು, ನನ್ನ ದನಿಯಲ್ಲಿ, ಬಹಳ ಮೆಲ್ಲಗೆ ಹೇಳಿತು.

"ಕಾಕಾ, ಒಂದೀಟ ಚಹಾ ಮಾಡ್ರಿ."

ಟಿಕ್... ಟಿಕ್... ಟಿಕ್...

ಇಯರ್‌ಫೋನ್ ಕಿತ್ತೆ. ಸದ್ದು ಮೇಜಿನ ಮೇಲಿಂದ ಬರುತ್ತಿತ್ತು. ಡಿಸ್ಕಿನ ಸೂಜಿ ಒಳಗೆ ಬಡಿದುಕೊಳ್ಳುತ್ತಿತ್ತು. ನಾನು ವಾಯರ್ ಎಳೆಯುವಷ್ಟರಲ್ಲಿ ಅದೂ ನಿಂತಿತು. ಪರದೆ ಕಪ್ಪಾಯಿತು. ಬಿಸಿ ತಗಡಿನ ವಾಸನೆ ಮೂಗಿಗೆ ಬಡಿಯಿತು.

ಎದುರಿನ ಶಟರು ಮುಚ್ಚಿಯೇ ಇತ್ತು. ಕೆಳಗಿನ ಸಂದಿಯಿಂದ ತಣ್ಣನೆ ಗಾಳಿ ಕಾಲಿಗೆ ತಾಗುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ... ಹಿಂದೆ ಹೆಜ್ಜೆಯ ಸದ್ದು ಕೇಳಿ ಕುರ್ಚಿಯಿಂದ ಬೀಳುವುದೊಂದು ಬಾಕಿ. ಲಗಮಪ್ಪ ಕಾಕಾ, ಕೈಯಲ್ಲಿ ಎರಡು ಗ್ಲಾಸು ಚಹಾ.

"ಭಾಳ ತಡಾ ಆತೇನ್ರಿ ಸರ?"

ಚಹಾ ಯಾರು ಕೇಳಿದರು ಎಂದೆ. ದನಿ ನನ್ನದೇ ಎಂದು ನನಗೇ ಅನಿಸಲಿಲ್ಲ.

"ನೀವ ಕರದ್ರೆಲ್ಲರಿ. ಶಟರಿನ ಹೊರಗ ನಿಂತು."

ಆ ಚಹಾ ನಾನು ಕುಡಿಯಲಿಲ್ಲ. ಬೆಳಕಾಗುವವರೆಗೆ ಇಬ್ಬರೂ ಗೇಟಿನ ಬಳಿ ಕೂತೆವು. ಡಿಸ್ಕಿನಲ್ಲಿ ಅವರ ಮಾತಿಗೆ ಸಾಕ್ಷಿ ಇತ್ತು ಎಂದಾಗಲಿ, ಅದನ್ನು ನಾನೇ ಕೊಂದೆ ಎಂದಾಗಲಿ ಹೇಳಲು ಬಾಯಿ ಬರಲಿಲ್ಲ. ಅವರು ಎರಡು ಸಲ ಕೇಳಿದರು, ಕಾಪಿ ಆಗಾಕತ್ತೈತಲ್ಲರಿ ಎಂದು. ಎರಡು ಸಲವೂ ತಲೆಯಾಡಿಸಿದೆ.

ಮುಂಜಾನೆ ಈರಣ್ಣ ಮೊದಲ ಬಸ್ಸಿಗೆ ಬಂದ. ಡಿಸ್ಕನ್ನು ಕಿವಿಗೆ ಹಿಡಿದ. ನನ್ನ ಮುಖ ನೋಡಿದ. ಕಾಪಿ ಯಾವಾಗ ನಿಂತಿತು, ಯಾರು ನಿಲ್ಲಿಸಿದರು ಎಂಬುದು ಲ್ಯಾಪ್‌ಟಾಪಿನಲ್ಲಿ ನಿಮಿಷದ ಲೆಕ್ಕದಲ್ಲಿ ಬರೆದಿರುತ್ತದೆ, ಅದನ್ನೂ ನೋಡಿದ. ಕಾಪಿಯಾಗಿದ್ದ ಭಾಗದಲ್ಲಿ ದಿನವೆಲ್ಲ ಹುಡುಕಿ, ಗೇಟಿನ ಕ್ಯಾಮೆರಾದ ತುಣುಕುಗಳನ್ನು ಹೊಲಿದ ಹಾಗೆ ಜೋಡಿಸಿದ. ಲಗಮಪ್ಪ ಕಾಕಾ ಆ ರಾತ್ರಿ ಗೇಟು ಬಿಟ್ಟು ಎದ್ದಿರಲಿಲ್ಲ, ಯಾರೊಡನೆಯೂ ಮಾತಾಡಿರಲಿಲ್ಲ, ಫೋನ್ ಮುಟ್ಟಿರಲಿಲ್ಲ. ಪೊಲೀಸರು ಅವರ ಮೇಲಿನ ಸಂಶಯ ಕೈಬಿಟ್ಟರು. ಶಟರಿನ ಕಡೆಯ ತುಣುಕು ಮಾತ್ರ ಒಂದೂ ಸಿಗಲಿಲ್ಲ. ಸಾವಕಾರರ ದನಿಯ ಮಾತನ್ನು ಯಾರೂ ನಂಬಲಿಲ್ಲ. ಕಾಕಾನಿಗೆ ಜೈಲು ತಪ್ಪಿತು, ನೌಕರಿ ಹೋಯಿತು, ಸುಳ್ಳುಗಾರ ಎಂಬ ಹೆಸರು ಉಳಿಯಿತು.

ಮೂಲ ಡಿಸ್ಕ್ ಮುಟ್ಟಿದ್ದನ್ನು ಈರಣ್ಣ ಶಿವಾನಂದಣ್ಣನಿಗೆ ಹೇಳಲಿಲ್ಲ. ಆ ಒಳ್ಳೆಯತನವನ್ನು ಕಂಡೂ ನನಗೆ ಹೊಟ್ಟೆ ಉರಿಯಿತು ಎಂದರೆ ನನ್ನ ಜಾತಕ ನೀವೇ ಬರೆದುಕೊಳ್ಳಿ.

ಆಗಲೇ ನಿಜ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಏನೆಂದು ಹೇಳಲಿ? ಯಾರೋ ಸಾವಕಾರರ ದನಿ ಅಣಕಿಸಿ ಕಾಕಾನನ್ನು ಗೇಟಿಗೆ ಕಳಿಸಿದರು ಎಂದೇ? ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ನನ್ನಂತೆ ದನಿ ತೆಗೆಯುವವನು ಮತ್ತೊಬ್ಬನಿಲ್ಲ ಎಂದು ಸ್ಟೇಷನ್ನಿನಲ್ಲೇ ನಿಂತು ಬಡಾಯಿ ಕೊಚ್ಚಿದವನು ನಾನು. ಹವಾಲ್ದಾರರು ಬೇರೆ ಯಾರನ್ನು ಹುಡುಕಿಕೊಂಡು ಹೋಗುತ್ತಿದ್ದರು?

ನಾಲ್ಕು ತಿಂಗಳು ಸುಮ್ಮನಿದ್ದೆ. ಅಣಕು ಬಿಟ್ಟೆ. ಹುಕ್ಕೇರಿ ಅಂಗಡಿ ಈರಣ್ಣನದಾಯಿತು. ಕೊನೆಗೆ ಕಳೆದ ತಿಂಗಳು, ತಡೆಯಲಾರದೆ, ಕುಲಗೋಡದ ಬಸ್ಸು ಹತ್ತಿದೆ.

ಲಗಮಪ್ಪ ಕಾಕಾ ಮನೆಯ ಮುಂದೆ ಎಮ್ಮೆಗೆ ಕಬ್ಬಿನ ಸೋಗೆ ಹಾಕುತ್ತಿದ್ದರು. ನನ್ನನ್ನು ನೋಡಿ ನಕ್ಕರು. "ಬಾ ತಮ್ಮಾ, ಕುಂದರು" ಎಂದರು. ಗೋಡೌನಿನಲ್ಲಿ ನಾನು ಅವರಿಗೆ ಸರ್ ಆಗಿದ್ದೆ, ಬಹುವಚನದಲ್ಲಿ ಮಾತಾಡುತ್ತಿದ್ದರು. ಈ ಸಲಿಗೆ ಎಲ್ಲಿಂದ ಬಂತೋ ಎಂದುಕೊಂಡೆ.

ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಈರಣ್ಣನ ಮೇಲಿನ ಹೊಟ್ಟೆಕಿಚ್ಚು, ಮೂಲ ಡಿಸ್ಕ್ ತೆರೆದದ್ದು, ಅವರ ಮಾತು ನಿಜವೆಂದು ನಾನು ಕಿವಿಯಾರೆ ಕೇಳಿದ್ದು, ಆ ಸಾಕ್ಷಿಯನ್ನು ನನ್ನ ಕೈಯಾರೆ ಕೊಂದದ್ದು. ಹೇಳುವಾಗ ನಾಲಿಗೆ ತೊಡರಿತು. ಮಾತು ಹಿಂದೆ ಮುಂದೆ ಆಯಿತು. ಅವರು ಸೋಗೆ ಮುರಿಯುತ್ತಾ ಕೇಳುತ್ತಿದ್ದರು.

ಕೊನೆಗೆ, ನನ್ನನ್ನು ಮಾಫ್ ಮಾಡಿರಿ ಎಂದೆ.

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಮಾಫ್ ಮಾಡೇನಲ್ಲೋ ತಮ್ಮಾ. ಎಷ್ಟ ಸಲ ಮಾಡ್ಲಿ?"

ಯಾವಾಗ ಎಂದೆ.

"ಹ್ವಾದ ಸೋಮವಾರ. ಹೊತ್ತ ಮುಳಗಿದ ಮ್ಯಾಲ ಬಂದು, ಇದ ಕಟ್ಟಿ ಮ್ಯಾಲ ಕುಂತು, ಎಲ್ಲಾ ಹೇಳಿದೆಲ್ಲ. ನೀ ಅತ್ತಿ, ನಂಗೂ ಅಳು ಬಂತು. ಖರೇ ಹೇಳ್ತೇನಿ, ಇವತ್ತಿನಕಿಂತ ಆವತ್ತ ಭಾಳ ಚಂದ ಹೇಳಿದಿ."

ಆ ಸೋಮವಾರ ನಾನು ಗೋಕಾಕದ ಅಂಗಡಿಯಲ್ಲಿದ್ದೆ. ರಾತ್ರಿ ಹತ್ತರವರೆಗೆ. ಲೆಕ್ಕ ಕೊಡಲು ಹುಕ್ಕೇರಿಯಿಂದ ಬಂದಿದ್ದ ಈರಣ್ಣನೂ ಜೊತೆಗಿದ್ದ.

ಕಾಕಾ ಎದ್ದು ಎಮ್ಮೆಯ ಮೈ ತಟ್ಟಿದರು. ಆವತ್ತು ಕಂಬಳಿ ಹೊದ್ದು ಬಂದಿದ್ದೆಯಲ್ಲ, ಈಗ ಜ್ವರ ಇಳಿಯಿತೇ ಎಂದು ಕೇಳಿದರು. ಇಳಿಯಿತು ಎಂದೆ. ಬೇರೆ ಏನು ಹೇಳಲಿ?

ಬಸ್ಸು ಬರುವವರೆಗೆ ರಸ್ತೆಯಲ್ಲಿ ನಿಂತೆ. ಕತ್ತಲಾಗುತ್ತಿತ್ತು. ಎರಡೂ ಬದಿ ಕಬ್ಬು ಸರಸರ ಎನ್ನುತ್ತಿತ್ತು... ಹಿಂದಿರುಗಿ ನೋಡಲಿಲ್ಲ. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಎದೆಯಲ್ಲಿ ಕುಟುಕುತ್ತಿದ್ದದ್ದು ಬೇರೆ. ಆ ಮುದುಕನ ಕ್ಷಮೆ ನನಗೆ ಸಿಗಬೇಕಾದದ್ದು. ಅದನ್ನು ಅದು ಇಸಿದುಕೊಂಡು ಹೋಗಿತ್ತು. ನನಗಿಂತ ಚೆನ್ನಾಗಿ ಕೇಳಿ.

ಅದು ಅತ್ತಿತ್ತಂತೆ. ನನಗೆ ಇನ್ನೂ ಅಳು ಬಂದಿಲ್ಲ.